ಫೋಟೋಸಿಂಥೆಸಿಸ್ ಬರುತ್ತದೆ, ಅನ್‌ಲೆಸ್ ಬರುವುದಿಲ್ಲ

ದೊಡ್ಡ ಪದಗಳೇ ಮಕ್ಕಳಿಗೆ ಕಷ್ಟ ಅಂತ ನಾವು ದೊಡ್ಡವರು ಅಂದುಕೊಂಡಿರುತ್ತೇವೆ. ನನ್ನ ತರಗತಿಯಲ್ಲಿ ಅದು ತಲೆಕೆಳಗು. ಫೋಟೋಸಿಂಥೆಸಿಸ್, ಕ್ಲೋರೋಫಿಲ್, ಕಾರ್ಬನ್ ಡೈಆಕ್ಸೈಡ್ ಎಲ್ಲವನ್ನೂ ಮಕ್ಕಳು ಪಟಪಟ ಹೇಳುತ್ತಾರೆ, ಸ್ಪೆಲ್ಲಿಂಗ್ ಸಮೇತ. ಅದೇ ಮಕ್ಕಳ ಮುಂದೆ ‘ಪ್ಲಾಂಟ್ಸ್ ಕೆನಾಟ್ ಮೇಕ್ ಫುಡ್ ಅನ್‌ಲೆಸ್ ದೇ ಗೆಟ್ ಲೈಟ್’ ಅನ್ನುವ ವಾಕ್ಯ ಇಟ್ಟು, ಹಾಗಾದರೆ ಗಿಡಕ್ಕೆ ಬೆಳಕು ಬೇಕೋ ಬೇಡವೋ ಅಂತ ಕೇಳಿ ನೋಡಿ. ಅರ್ಧ ತರಗತಿ ಬೇಕು ಅನ್ನುತ್ತದೆ, ಇನ್ನರ್ಧ ಪಕ್ಕದವರ ಮುಖ ನೋಡುತ್ತದೆ.

ಯಾಕೆ ಹೀಗೆ? ಫೋಟೋಸಿಂಥೆಸಿಸ್ ಅನ್ನು ಯಾರೋ ಒಬ್ಬರು ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು ಕಲಿಸಿರುತ್ತಾರೆ. ಅನ್‌ಲೆಸ್‌ಗೆ ಯಾರೂ ಗೆರೆ ಎಳೆದಿರುವುದಿಲ್ಲ. ಅದು ಇಂಗ್ಲಿಷ್ ಟೀಚರ್ ಕೆಲಸ ಅಂತ ಸೈನ್ಸ್ ಮೇಷ್ಟ್ರು ಬಿಟ್ಟಿರುತ್ತಾರೆ. ಅದು ಸೈನ್ಸ್ ಪುಸ್ತಕದ ವಾಕ್ಯ ಅಂತ ಇಂಗ್ಲಿಷ್ ಟೀಚರ್ ಬಿಟ್ಟಿರುತ್ತಾರೆ. ಬಿಕಾಸ್, ಆಲ್ದೋ, ವೇರ್‌ಆಸ್, ಅನ್ಟಿಲ್, ಮಸ್ಟ್ ಹ್ಯಾವ್, ಆ್ಯಟ್ ಲೀಸ್ಟ್... ಇಂಥವೆಲ್ಲ ಹೀಗೆ ಇಬ್ಬರ ನಡುವೆ ಬಿದ್ದುಹೋಗುತ್ತವೆ. ಪಾಠದ ತಲೆಬುಡ ನಿಂತಿರುವುದು ಮಾತ್ರ ಇವುಗಳ ಮೇಲೆಯೇ.

ನಾನು ಇಂಗ್ಲಿಷ್ ಟೀಚರ್. ಆದರೆ ಈಗೀಗ ನನ್ನ ಪಾಠದಲ್ಲಿ ‘ಮೈ ಬೆಸ್ಟ್ ಫ್ರೆಂಡ್’ ಪ್ರಬಂಧ ಕಡಿಮೆ, ಥರ್ಮಾಮೀಟರ್, ಮ್ಯಾಪು, ಗ್ರಾಫು ಜಾಸ್ತಿ. ವಿಜ್ಞಾನ, ಗಣಿತ, ಚರಿತ್ರೆಯ ಒಳಗಿನಿಂದಲೇ ಇಂಗ್ಲಿಷ್ ಕಲಿಸುವ ದಾರಿ ಇದು. ಯೂರೋಪಿನಲ್ಲಿ ಇದನ್ನು ‘ಕ್ಲಿಲ್’ ಅನ್ನುತ್ತಾರೆ, ‘ಕಂಟೆಂಟ್ ಆ್ಯಂಡ್ ಲ್ಯಾಂಗ್ವೇಜ್ ಇಂಟಿಗ್ರೇಟೆಡ್ ಲರ್ನಿಂಗ್’ ಅನ್ನುವುದರ ಚಿಕ್ಕ ರೂಪ. 1994ರಲ್ಲಿ ಡೇವಿಡ್ ಮಾರ್ಶ್ ಈ ಹೆಸರನ್ನು ಚಾಲ್ತಿಗೆ ತಂದರು. ಅಮೆರಿಕದಲ್ಲಿ ‘ಕಂಟೆಂಟ್ ಬೇಸ್ಡ್ ಇನ್‌ಸ್ಟ್ರಕ್ಷನ್’ ಅನ್ನುವ ಹೆಸರು ಹೆಚ್ಚು ಕೇಳುತ್ತದೆ. ಎರಡಕ್ಕೂ ಏನು ವ್ಯತ್ಯಾಸ ಅಂತ ಪಂಡಿತರು ಬೇಕಾದಷ್ಟು ಜಗಳ ಆಡಿದ್ದಾರೆ, ನಮಗೆ ಅದು ಬೇಡ.

ಇದನ್ನು ಹೇಳಿದ ತಕ್ಷಣ ‘ಓ, ಇಂಗ್ಲಿಷ್ ಮೀಡಿಯಂ ಅಲ್ವಾ?’ ಅನ್ನುತ್ತಾರೆ. ಅಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಭಾಷೆ ತಾನಾಗೇ ಬರುತ್ತದೆ ಅನ್ನುವ ನಂಬಿಕೆಯ ಮೇಲೆ ಬಂಡಿ ಓಡುತ್ತದೆ. ಇಲ್ಲಿ ಪ್ರತಿ ಪಾಠಕ್ಕೂ ಎರಡು ಗುರಿ. ಮಗು ಇವತ್ತು ವಿಷಯದಲ್ಲಿ ಏನು ಕಲಿಯಬೇಕು ಅನ್ನುವುದು ಒಂದು. ಅದನ್ನು ಹೇಳಲು ಅದಕ್ಕೆ ಯಾವ ಇಂಗ್ಲಿಷ್ ಬೇಕು ಅನ್ನುವುದು ಇನ್ನೊಂದು. ಎರಡನೆಯದನ್ನು ಬರೆಯದೆ ತರಗತಿಗೆ ಹೋದರೆ ಅದು ಬರೀ ಇಂಗ್ಲಿಷಿನಲ್ಲಿ ಮಾಡಿದ ಸೈನ್ಸ್ ಪಾಠ. ಮಲೇಷ್ಯಾ 2003ರಿಂದ ಹಂತಹಂತವಾಗಿ ದೇಶದ ಶಾಲೆಗಳಲ್ಲಿ ಗಣಿತ, ವಿಜ್ಞಾನವನ್ನು ಇಂಗ್ಲಿಷಿಗೆ ಬದಲಾಯಿಸಿತು. 2009ರಲ್ಲಿ ಅದನ್ನು ಕೈಬಿಡುವ ತೀರ್ಮಾನವಾಯಿತು, 2012ರಿಂದ ಹಳೆಯ ಭಾಷೆಗಳಿಗೆ ಮರಳಲು ಶುರು ಮಾಡಿದರು. ಅದಕ್ಕೆ ರಾಜಕೀಯದ ಕಾರಣಗಳೂ ಇದ್ದವು, ಇರಲಿ. ಆದರೆ ಪಾಠದ ಭಾಷೆ ಬದಲಾಯಿಸಲು ಒಂದು ಆದೇಶ ಸಾಕು, ಮೇಷ್ಟ್ರಿಗೂ ಮಕ್ಕಳಿಗೂ ಆ ಭಾಷೆ ಬರಿಸಲು ಆದೇಶ ಸಾಲದು.

ಒಂದು ಪಾಠವನ್ನೇ ಹತ್ತಿರದಿಂದ ತೋರಿಸುತ್ತೇನೆ. ಮಂಜುಗಡ್ಡೆ ಕರಗಿಸುವ ಪಾಠ, ನನಗೆ ತುಂಬಾ ಇಷ್ಟ.

ಬೀಕರ್‌ನಲ್ಲಿ ಪುಡಿ ಮಾಡಿದ ಐಸ್. ಅದರಲ್ಲಿ ಥರ್ಮಾಮೀಟರ್. ಕೆಳಗೆ ಸಣ್ಣ ಉರಿಯ ಸ್ಪಿರಿಟ್ ಲ್ಯಾಂಪ್. ಒಬ್ಬರು ಕಲಕುತ್ತಾ ಇರಬೇಕು, ಒಬ್ಬರು ನಿಮಿಷಕ್ಕೊಮ್ಮೆ ಓದಿ ಹೇಳಬೇಕು, ಒಬ್ಬರು ಬರೆದುಕೊಳ್ಳಬೇಕು. ಉರಿ ಹಚ್ಚುವ ಮುಂಚೆ ಎಲ್ಲರೂ ಒಂದು ಊಹೆ ಬರೆದಿಡಬೇಕು: ಐದು ನಿಮಿಷಕ್ಕೆ ಎಷ್ಟು ಡಿಗ್ರಿ? ಹತ್ತು, ಇಪ್ಪತ್ತು, ಮೂವತ್ತು ಅಂತ ಬರೆಯುತ್ತಾರೆ. ಸೊನ್ನೆ ಅಂತ ಬರೆಯುವವರು ಸಿಗುವುದು ಅಪರೂಪ.

ಉರಿ ಹಚ್ಚಿದ ಮೇಲೆ ಪಾದರಸ ಸೊನ್ನೆಯ ಹತ್ತಿರವೇ ಕೂತುಬಿಡುತ್ತದೆ. ಒಂದು ನಿಮಿಷ, ಸೊನ್ನೆ. ಎರಡು ನಿಮಿಷ, ಸೊನ್ನೆ. ‘ಮಿಸ್, ಥರ್ಮಾಮೀಟರ್ ಕೆಟ್ಟುಹೋಗಿದೆ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇರೆ ಥರ್ಮಾಮೀಟರ್ ಕೊಡುತ್ತೇನೆ. ಅದೂ ಸೊನ್ನೆ. ಈಗ ತರಗತಿಯಲ್ಲಿ ಗದ್ದಲ. ಆ ಗದ್ದಲ ಮನೆಮಾತಿನಲ್ಲೇ ನಡೆಯುತ್ತದೆ, ನಾನು ತಡೆಯುವುದಿಲ್ಲ. ತಡೆದರೆ ಗದ್ದಲದ ಜೊತೆ ಯೋಚನೆಯೂ ನಿಲ್ಲುತ್ತದೆ.

‘ಕಾಯಿಸ್ತಾನೇ ಇದ್ದೀವಿ, ಆದ್ರೂ ಏರ್ತಾ ಇಲ್ಲ!’ ಅಂತ ಒಬ್ಬಳು ಕೂಗುತ್ತಾಳೆ. ನಾನು ಕಾಯುತ್ತಿದ್ದದ್ದು ಈ ‘ಆದ್ರೂ’ಗೆ. ಬೋರ್ಡಿನ ಮೇಲೆ ಅರ್ಧ ವಾಕ್ಯ ಬರೆಯುತ್ತೇನೆ: ‘ಈವನ್ ದೋ ವಿ ಕೆಪ್ಟ್ ಹೀಟಿಂಗ್ ದಿ ಐಸ್, ...’ ಉಳಿದದ್ದು ಅವರದ್ದು. ‘ದಿ ಟೆಂಪರೇಚರ್ ಡಿಡ್ ನಾಟ್ ರೈಸ್’ ಅಂತ ಮುಗಿಸಲು ಅವರಿಗೆ ಯಾರ ಸಹಾಯವೂ ಬೇಡ, ಕಣ್ಣೆದುರೇ ಇದೆ. ಇದೇ ‘ಈವನ್ ದೋ’ವನ್ನು ಗ್ರಾಮರ್ ಪುಸ್ತಕದಲ್ಲಿ ‘ಈವನ್ ದೋ ಹಿ ಈಸ್ ರಿಚ್, ಹಿ ಈಸ್ ನಾಟ್ ಹ್ಯಾಪಿ’ ಅಂತ ಕಲಿಸಿರುತ್ತಾರೆ. ಆ ಶ್ರೀಮಂತ ಯಾರು, ಅವನಿಗೇನು ಸಂಕಟ, ಮಕ್ಕಳಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ.

ಸ್ವಲ್ಪ ಹೊತ್ತಿಗೆ ಐಸ್ ಪೂರ್ತಿ ಕರಗುತ್ತದೆ. ಆಗ ಪಾದರಸ ಹೊರಡುತ್ತದೆ. ಈಗ ಇನ್ನೊಂದು ವಾಕ್ಯ ಬೇಕು: ಐಸೆಲ್ಲ ಕರಗುವ ತನಕ ಸೊನ್ನೆಯಲ್ಲೇ ಇತ್ತು. ‘ಇಟ್ ಸ್ಟೇಡ್ ಆ್ಯಟ್ ಝೀರೋ ಅನ್ಟಿಲ್ ಆಲ್ ದಿ ಐಸ್ ಹ್ಯಾಡ್ ಮೆಲ್ಟೆಡ್.’ ‘ಹ್ಯಾಡ್ ಮೆಲ್ಟೆಡ್’ ಯಾಕೆ, ಬರೀ ‘ಮೆಲ್ಟೆಡ್’ ಯಾಕಲ್ಲ ಅಂತ ಕೇಳಿದರೆ ಗ್ರಾಫ್ ತೋರಿಸುತ್ತೇನೆ. ಗೆರೆ ಮಟ್ಟಸವಾಗಿ ಹೋಗಿ ಒಂದು ಕಡೆ ಮೇಲಕ್ಕೆ ತಿರುಗುತ್ತದಲ್ಲ, ಆ ತಿರುವಿನ ಹೊತ್ತಿಗೆ ಕರಗುವ ಕೆಲಸ ಮುಗಿದಿರಬೇಕು. ಯಾವುದು ಮೊದಲು ಮುಗಿಯಿತು ಅನ್ನುವುದನ್ನು ಬೆರಳಿಟ್ಟು ತೋರಿಸಬಹುದು.

ವಿಷಯದ ಕಡೆಯೂ ಮೋಸ ಮಾಡುವ ಹಾಗಿಲ್ಲ. ಶಾಖ ಎಲ್ಲಿ ಹೋಯಿತು ಅನ್ನುವುದಕ್ಕೆ ಉತ್ತರ ಬೇಕು. ಸೊನ್ನೆ ಡಿಗ್ರಿಯ ಒಂದು ಗ್ರಾಂ ಐಸನ್ನು ಅದೇ ಸೊನ್ನೆ ಡಿಗ್ರಿಯ ನೀರು ಮಾಡಲು ಸುಮಾರು 80 ಕ್ಯಾಲರಿ ಶಾಖ ಬೇಕು. ಅಷ್ಟೇ ಶಾಖ ಆ ಒಂದು ಗ್ರಾಂ ನೀರನ್ನು ಸೊನ್ನೆಯಿಂದ ಹೆಚ್ಚುಕಡಿಮೆ 80 ಡಿಗ್ರಿಗೆ ಏರಿಸುತ್ತದೆ. ಈ ಲೆಕ್ಕ ಕೇಳಿದಾಗ ಮಕ್ಕಳ ಮುಖ ನೋಡಬೇಕು. ಹದಿನೆಂಟನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ತಲೆಕೆಡಿಸಿಕೊಂಡದ್ದೂ ಇದೇ ಪ್ರಶ್ನೆಗೆ. ಥರ್ಮಾಮೀಟರಿಗೆ ಕಾಣದ ಈ ಶಾಖಕ್ಕೆ ‘ಲೇಟೆಂಟ್ ಹೀಟ್’ ಅಂತ ಹೆಸರಿಟ್ಟವರು ಅವರೇ. ಹೆಸರನ್ನು ನಾನು ಕೊನೆಗೆ ಕೊಡುತ್ತೇನೆ. ಮೊದಲೇ ಕೊಟ್ಟರೆ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಕೂರುತ್ತಾರೆ, ಕೇಳುವುದನ್ನು ಬಿಡುತ್ತಾರೆ.

ಪಾಠದ ಭಾಷೆಯನ್ನು ಬಗೆದು ನೋಡಲು ಡೂ ಕೊಯ್ಲ್ ಅನ್ನುವ ಬ್ರಿಟಿಷ್ ಪ್ರಾಧ್ಯಾಪಕಿ ಮೂರು ಭಾಗ ಮಾಡಿದ್ದಾರೆ. ವಿಷಯದ ಭಾಷೆ, ಅಂದರೆ ಮೆಲ್ಟ್, ಟೆಂಪರೇಚರ್ ಇತ್ಯಾದಿ. ತರಗತಿಯಲ್ಲಿ ಕೆಲಸ ಮಾಡಲು ಬೇಕಾದ ಭಾಷೆ, ಅಂದರೆ ಪ್ರಶ್ನೆ ಕೇಳುವುದು, ಒಪ್ಪುವುದು, ಒಪ್ಪದಿರುವುದು. ಮೂರನೆಯದು ಪಾಠ ನಡೆಯುತ್ತಾ ನಡೆಯುತ್ತಾ ಹುಟ್ಟಿಕೊಳ್ಳುವ ಭಾಷೆ. ಈ ಮೂರನೆಯದನ್ನು ಮುಂಚೆಯೇ ಪೂರ್ತಿ ಪ್ಲಾನ್ ಮಾಡಲು ಆಗುವುದಿಲ್ಲ. ‘ಆದ್ರೂ’ ಅಂತ ಯಾರು ಯಾವಾಗ ಕೂಗುತ್ತಾರೋ! ಕಿವಿ ತೆರೆದಿಟ್ಟುಕೊಂಡು, ಕೈಯಲ್ಲಿ ಚಾಕ್‌ಪೀಸ್ ಹಿಡಿದುಕೊಂಡು ಇರಬೇಕು, ಅಷ್ಟೇ.

ಗಣಿತದ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಗಣಿತಕ್ಕೆ ಭಾಷೆ ಬೇಡ ಅನ್ನುವವರು ಮಕ್ಕಳ ನೋಟ್‌ಬುಕ್ ತೆಗೆದು ನೋಡಲಿ. ‘ದಿ ಟೆಂಪರೇಚರ್ ಫೆಲ್ ಬೈ ಟೆನ್ ಡಿಗ್ರೀಸ್’ ಮತ್ತು ‘ಫೆಲ್ ಟು ಟೆನ್ ಡಿಗ್ರೀಸ್’, ಒಂದು ಸಣ್ಣ ಪದ ಬದಲಾದರೆ ಉತ್ತರವೇ ಬೇರೆ. ‘ಫೈವ್ ಲೆಸ್ ದ್ಯಾನ್ ಎಕ್ಸ್’ ಅಂದರೆ ಎಡದಿಂದ ಬಲಕ್ಕೆ ಓದಿಕೊಂಡು ‘5 – ಎಕ್ಸ್’ ಅಂತ ಬರೆಯುತ್ತಾರೆ. ಇಂಗ್ಲಿಷ್ ಮಾತನಾಡುವ ದೇಶಗಳ ಮಕ್ಕಳೂ ಇದನ್ನೇ ಮಾಡುತ್ತಾರೆ. ‘ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡು ಬರಿ’ ಅನ್ನುತ್ತೇನೆ. ‘ಎಕ್ಸ್‌ಗಿಂತ ಐದು ಕಡಿಮೆ’. ಎಕ್ಸ್ ತಾನಾಗೇ ಮುಂದೆ ಬಂತು, ಐದು ಹಿಂದೆ ಹೋಯಿತು, ‘ಎಕ್ಸ್ – 5’ ಆಯಿತು. ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಬಂದರೆ ಫೈನ್ ಹಾಕುವ ಶಾಲೆಗಳಿಗೆ ಈ ಲೆಕ್ಕ ಕಳಿಸಿಕೊಡಬೇಕು ಅನ್ನಿಸುತ್ತದೆ.

ಈಗ ಒಂದು ಹಳೆಯ ಜಗಳಕ್ಕೆ ಬರುತ್ತೇನೆ. ಮನಸ್ಸು ವಿಷಯದಲ್ಲಿ ಮುಳುಗಿದ್ದರೆ ಗ್ರಾಮರ್ ತಾನಾಗೇ ಬರುತ್ತದೋ, ಅಥವಾ ಕೈಹಿಡಿದು ತೋರಿಸಬೇಕೋ? ಇಂಗ್ಲಿಷ್ ಕಲಿಸುವ ಬಗೆಯ ತಜ್ಞ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಭಾಷೆ ಕಲಿಸುವವರ ಲೋಕದಲ್ಲಿ ಅದು ಬೆಂಗಳೂರು ಪ್ರಾಜೆಕ್ಟ್ ಅಂತಲೇ ಪ್ರಸಿದ್ಧ. ಗ್ರಾಮರ್ ಪಾಠವಿಲ್ಲ. ರೈಲಿನ ವೇಳಾಪಟ್ಟಿ, ಮ್ಯಾಪು, ತರ್ಕದ ಲೆಕ್ಕ ಕೊಟ್ಟು ಮಕ್ಕಳ ತಲೆಗೆ ಕೆಲಸ ಕೊಡುವುದು. ಅರ್ಥದ ಹಿಂದೆ ಬಿದ್ದ ಮನಸ್ಸು ವ್ಯಾಕರಣವನ್ನು ತಾನೇ ಕಟ್ಟಿಕೊಳ್ಳುತ್ತದೆ ಅನ್ನುವುದು ಅವರ ವಾದ. ನಾನು ಮಾಡುವ ಅರ್ಧ ಕೆಲಸದ ಬೇರು ಅಲ್ಲೇ ಇದೆ.

ಉಳಿದರ್ಧಕ್ಕೆ ನಾನು ಕೆನಡಾ ಕಡೆ ನೋಡುತ್ತೇನೆ. 1965ರಲ್ಲಿ ಮಾಂಟ್ರಿಯಲ್ ಹತ್ತಿರದ ಸೇಂಟ್ ಲ್ಯಾಂಬರ್ಟ್‌ನಲ್ಲಿ, ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳಿಗೆ ಪಾಠಗಳನ್ನೆಲ್ಲ ಫ್ರೆಂಚಿನಲ್ಲೇ ಮಾಡುವ ಇಮ್ಮರ್ಶನ್ ತರಗತಿ ಶುರುವಾಯಿತು. ಅಂಥ ತರಗತಿಗಳ ಮಕ್ಕಳು ಫ್ರೆಂಚ್ ಚೆನ್ನಾಗಿ ಕೇಳಿ ಅರ್ಥ ಮಾಡಿಕೊಂಡರು, ಓದಿದರು, ವಿಷಯದಲ್ಲೂ ಹಿಂದೆ ಬೀಳಲಿಲ್ಲ. ಆದರೆ ವರ್ಷಗಟ್ಟಲೆ ಕಲಿತ ಮೇಲೂ ಮಾತಿನಲ್ಲಿ, ಬರವಣಿಗೆಯಲ್ಲಿ ವ್ಯಾಕರಣದ ತಪ್ಪುಗಳು ಹಾಗೇ ಉಳಿದವು. ಕೇಳಿದರಷ್ಟೇ ಸಾಲದು, ಮಕ್ಕಳು ತಾವೇ ಹೇಳಬೇಕು, ಬರೆಯಬೇಕು, ಹೇಳಲು ಹೋಗಿ ಎಡವಬೇಕು ಅಂತ ಅಲ್ಲಿನ ಭಾಷಾ ಸಂಶೋಧಕಿ ಮೆರಿಲ್ ಸ್ವೈನ್ 1985ರಲ್ಲಿ ವಾದಿಸಿದ್ದು ಇದೇ ಮಕ್ಕಳನ್ನು ನೋಡಿ. ನನ್ನ ಅನುಭವ ಸ್ವೈನ್ ಕಡೆಗೇ ವಾಲುತ್ತದೆ. ‘ಟೆಂಪರೇಚರ್ ನೋ ರೈಸ್’ ಅಂದರೂ ಎದುರಿನವರಿಗೆ ಅರ್ಥ ಆಗುತ್ತದಲ್ಲ! ಅರ್ಥ ಆದ ಮೇಲೆ ತಿದ್ದಿಕೊಳ್ಳುವ ದರ್ದು ಮಗುವಿಗೆ ಇರುವುದಿಲ್ಲ. ಆ ದರ್ದನ್ನು ನಾವು ಹುಟ್ಟಿಸಬೇಕು.

ಹುಟ್ಟಿಸುವುದು ಹೇಗೆ? ಅರ್ಧಂಬರ್ಧ ಇಂಗ್ಲಿಷಿನಲ್ಲಿ ಗೆಲ್ಲಲು ಆಗದ ವಾದ ಕೊಡಬೇಕು. ಅದಕ್ಕೆ ನನ್ನ ಹತ್ತಿರ ಒಂದು ಕಾಲರಾ ಮ್ಯಾಪ್ ಇದೆ.

1854, ಲಂಡನ್ನಿನ ಸೋಹೋ. ಆಗಸ್ಟ್ ಕೊನೆಯಲ್ಲಿ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಸ್ಫೋಟಿಸಿತು. ಹತ್ತು ದಿನದಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂತ ಆಗಿನ ಡಾಕ್ಟರುಗಳೂ ನಂಬಿದ್ದರು. ಜಾನ್ ಸ್ನೋ ಅನ್ನುವ ವೈದ್ಯರು ಮಾತ್ರ ನೀರಿನ ಮೇಲೆ ಅನುಮಾನ ಪಟ್ಟು, ಸಾವುಗಳನ್ನು ಮ್ಯಾಪಿನ ಮೇಲೆ ಗುರುತು ಹಾಕಿದರು. ಗುರುತುಗಳು ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಮುತ್ತಿಕೊಂಡವು.

ಮಕ್ಕಳಿಗೆ ಇದನ್ನೆಲ್ಲ ಕಥೆಯಾಗಿ ಹೇಳುವುದಿಲ್ಲ. ಮ್ಯಾಪ್ ಕೊಡುತ್ತೇನೆ, ಜೊತೆಗೆ ನಾಲ್ಕು ಕಾರ್ಡು. ಒಂದು: ಅದೇ ಬೀದಿಯ ಬಿಯರ್ ತಯಾರಿಕೆಯ ಕಾರ್ಖಾನೆಯಲ್ಲಿ ಕೆಲಸಗಾರರು ಯಾರೂ ಸಾಯಲಿಲ್ಲ, ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಬೇರೆ ಬಾವಿಯೂ ಇತ್ತು. ಎರಡು: ಪಕ್ಕದ ಬಡವರ ವಸತಿಯಲ್ಲಿ 500ಕ್ಕೂ ಹೆಚ್ಚು ಜನ ಇದ್ದರು, ಸತ್ತವರು ಐವರು, ಅಲ್ಲೂ ಸ್ವಂತ ಬಾವಿ. ಮೂರು: ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಕಾಲರಾದಿಂದ ಸತ್ತಳು. ಬ್ರಾಡ್ ಸ್ಟ್ರೀಟಿನ ನೀರಿನ ರುಚಿ ಇಷ್ಟ ಅಂತ ಅದನ್ನೇ ತರಿಸಿಕೊಂಡು ಕುಡಿಯುತ್ತಿದ್ದಳು. ನಾಲ್ಕು: ಸೆಪ್ಟೆಂಬರ್ 8ಕ್ಕೆ ಪಂಪಿನ ಹಿಡಿಕೆ ಕಿತ್ತರು, ಆದರೆ ಸಾವುಗಳು ಅದಕ್ಕೂ ಮುಂಚೆಯೇ ಇಳಿಯುತ್ತಿದ್ದವು.

ಅರ್ಧ ತರಗತಿ ಗಾಳಿ ಪಾರ್ಟಿ, ಅರ್ಧ ನೀರು ಪಾರ್ಟಿ. ಗುಂಪಿನೊಳಗೆ ಯಾವ ಭಾಷೆಯಲ್ಲಾದರೂ ಚರ್ಚೆ ಮಾಡಿ, ಎದ್ದು ನಿಂತಾಗ ಇಂಗ್ಲಿಷ್. ನೀರು ಪಾರ್ಟಿಯ ಹುಡುಗನೊಬ್ಬ ಗುಂಪಿನಲ್ಲಿ ಹೇಳಿದ್ದು ಇದು: ‘ಲೇ, ಗಾಳಿಯಿಂದ ಬಂದಿದ್ರೆ ಬಿಯರ್ ಫ್ಯಾಕ್ಟರಿಯವ್ರೂ ಸಾಯ್ಬೇಕಿತ್ತಲ್ವಾ?’ ಎದ್ದು ನಿಂತು ಹೇಳಿದ್ದು: ‘ಇಫ್ ಏರ್ ಈಸ್ ಬ್ಯಾಡ್, ಬಿಯರ್ ಪೀಪಲ್ ಡೈ.’ ಗಾಳಿ ಪಾರ್ಟಿಯ ಹುಡುಗಿ ಬಿಡುತ್ತಾಳಾ? ‘ನೋ! ಬಿಯರ್ ಪೀಪಲ್ ಡಿಡ್ ನಾಟ್ ಡೈ! ರೀಡ್ ದಿ ಕಾರ್ಡ್!’ ಹುಡುಗನಿಗೆ ಸಿಟ್ಟು ಬಂತು. ತಾನು ಹೇಳಿದ್ದು ಅದಲ್ಲ. ಸತ್ತರು ಅಂತಲ್ಲ, ಸಾಯಬೇಕಿತ್ತು ಅಂತ. ಆಗ ಅವನು ನನ್ನ ಕಡೆ ತಿರುಗಿ ‘ಮಿಸ್, ಅದನ್ನ ಹೇಗೆ ಹೇಳೋದು?’ ಅಂತ ಕೇಳಿದ.

‘ಇಫ್ ಇಟ್ ಹ್ಯಾಡ್ ಬೀನ್ ದಿ ಏರ್, ದಿ ಬ್ರೂಅರಿ ವರ್ಕರ್ಸ್ ವುಡ್ ಹ್ಯಾವ್ ಡೈಡ್ ಟೂ.’ ಬೋರ್ಡಿನ ಮೇಲೆ ಬರೆದೆ. ಗ್ರಾಮರ್ ಪುಸ್ತಕದಲ್ಲಿ ಇದು ಥರ್ಡ್ ಕಂಡೀಶನಲ್, ಹೆದರಿಸಲೆಂದೇ ಕೊನೆಯ ಪುಟಗಳಲ್ಲಿ ಇಟ್ಟಿರುವ ಪಾಠ. ಇಲ್ಲಿ ಒಬ್ಬನಿಗೆ ಅದು ಈಗಿಂದೀಗಲೇ ಬೇಕಾಗಿತ್ತು. ಆಮೇಲೆ ಗಾಳಿ ಪಾರ್ಟಿಯೂ ಅದನ್ನೇ ಎತ್ತಿಕೊಂಡು ನಾಲ್ಕನೇ ಕಾರ್ಡ್ ಮೇಲೆ ದಾಳಿ ಮಾಡಿತು. ಪಂಪ್ ಕಾರಣ ಆಗಿದ್ದರೆ ಹಿಡಿಕೆ ಕಿತ್ತ ಮೇಲೆ ತಾನೇ ಸಾವು ಇಳಿಯಬೇಕಿತ್ತು? ಒಳ್ಳೆಯ ಪ್ರಶ್ನೆ. ಅಷ್ಟು ಹೊತ್ತಿಗೆ ಎಷ್ಟೋ ಜನ ಆ ಜಾಗ ಬಿಟ್ಟು ಓಡಿಹೋಗಿದ್ದರು ಅನ್ನುವ ಮಾತನ್ನು ಸ್ನೋ ಅವರೇ ಬರೆದಿದ್ದಾರೆ. ಅದು ನನ್ನ ಬಳಿ ಐದನೇ ಕಾರ್ಡಾಗಿ ಇರುತ್ತದೆ, ಪ್ರಶ್ನೆ ಬಂದರೆ ಮಾತ್ರ ಹೊರಗೆ ಬರುತ್ತದೆ.

ಮಾತು ಇಷ್ಟು ಬಂದರೂ ಪುಸ್ತಕ ಓದುವುದು ಬೇರೆಯದೇ ಕಷ್ಟ. ಆಟದ ಮೈದಾನದ ಇಂಗ್ಲಿಷ್ ಬೇರೆ, ಪಾಠದ ಇಂಗ್ಲಿಷ್ ಬೇರೆ ಅಂತ ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲೇ ಹೇಳಿದರು. ಕೆನಡಾಕ್ಕೆ ವಲಸೆ ಬಂದ ಮಕ್ಕಳಿಗೆ ಮೊದಲನೆಯದು ಸುಮಾರು ಎರಡು ವರ್ಷದಲ್ಲಿ ಬಂದರೆ, ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕಾಗಿತ್ತು. ಸುತ್ತ ಇಂಗ್ಲಿಷ್ ಇದ್ದವರ ಕಥೆಯೇ ಇದು. ಪಠ್ಯಪುಸ್ತಕದಲ್ಲಿ ‘ದಿ ಇವ್ಯಾಪೊರೇಶನ್ ಆಫ್ ಸ್ವೆಟ್ ರಿಸಲ್ಟ್ಸ್ ಇನ್ ದಿ ಕೂಲಿಂಗ್ ಆಫ್ ದಿ ಬಾಡಿ’ ಅಂತ ಇರುತ್ತದೆ. ಬೆವರು ಆರುತ್ತದೆ, ಮೈ ತಣ್ಣಗಾಗುತ್ತದೆ, ಅಷ್ಟೇ ವಿಷಯ. ನಡೆದ ಕ್ರಿಯೆಗಳನ್ನೆಲ್ಲ ನಾಮಪದ ಮಾಡಿ ಗಂಟು ಕಟ್ಟಿದ್ದಾರೆ. ವಿಜ್ಞಾನದ ಬರವಣಿಗೆಯ ಈ ಅಭ್ಯಾಸವನ್ನು ಹ್ಯಾಲಿಡೇ ಅನ್ನುವ ಭಾಷಾವಿಜ್ಞಾನಿ ವಿವರವಾಗಿ ತೋರಿಸಿಕೊಟ್ಟಿದ್ದಾರೆ. ನಾವು ವಾರಕ್ಕೊಮ್ಮೆ ಇಂಥ ಒಂದು ಗಂಟು ಬಿಚ್ಚುತ್ತೇವೆ. ‘ಸ್ವೆಟ್ ಇವ್ಯಾಪೊರೇಟ್ಸ್, ಸೋ ದಿ ಬಾಡಿ ಗೆಟ್ಸ್ ಕೂಲರ್.’ ಆಮೇಲೆ ಮಕ್ಕಳೇ ತಮ್ಮ ಸರಳ ವಾಕ್ಯವನ್ನು ಮತ್ತೆ ಕಟ್ಟಬೇಕು. ಬಿಚ್ಚುವುದು ಎಲ್ಲರಿಗೂ ಇಷ್ಟ. ಕಟ್ಟುವುದಕ್ಕೆ ಗೊಣಗುತ್ತಾರೆ, ಗೊಣಗಲಿ ಬಿಡಿ, ಪರೀಕ್ಷೆಯಲ್ಲಿ ಬರುವುದು ಕಟ್ಟಿದ್ದೇ.

ಇನ್ನು ಮಾರ್ಕ್ಸು. ನಾನೂ ಸೈನ್ಸ್ ಮೇಷ್ಟ್ರೂ ಜಗಳ ಆಡುವುದು ಇಲ್ಲೇ. ಒಂದೇ ಹಾಳೆಗೆ ಎರಡು ಅಂಕಣ ಹಾಕಿದ್ದೇವೆ, ವಿಷಯ ಅವರದ್ದು, ಭಾಷೆ ನನ್ನದು. ‘ಟೆಂಪರೇಚರ್ ಸೇಮ್ ಓನ್ಲಿ, ಹೀಟ್ ಈಸ್ ಗೋಯಿಂಗ್ ಫಾರ್ ಮೆಲ್ಟಿಂಗ್’ ಅಂತ ಬರೆದರೆ ಅವರು ಪೂರ್ತಿ ಕೊಡುತ್ತಾರೆ, ನಾನು ಸ್ವಲ್ಪ ಕಡಿಯುತ್ತೇನೆ. ಇದರಲ್ಲಿ ತಕರಾರಿಲ್ಲ. ತಕರಾರು ಬರುವುದು ಇಂಥದ್ದಕ್ಕೆ: ‘ದಿ ಐಸ್ ವಾಸ್ ಮೆಲ್ಟಿಂಗ್ ಬಿಕಾಸ್ ದಿ ಟೆಂಪರೇಚರ್ ಡಿಡ್ ನಾಟ್ ರೈಸ್.’ ಸ್ಪೆಲ್ಲಿಂಗ್ ಸರಿ, ಗ್ರಾಮರ್ ಸರಿ, ಕಾರಣ ಮತ್ತು ಪರಿಣಾಮ ಮಾತ್ರ ಅದಲುಬದಲು. ‘ಮೇಡಂ, ಇದು ಸೈನ್ಸ್ ತಪ್ಪು, ಸೊನ್ನೆ’ ಅಂದರು ಅವರು. ‘ಸರ್, ಸೋ ಹಾಕುವ ಕಡೆ ಬಿಕಾಸ್ ಹಾಕಿದ್ದಾಳೆ, ಅದು ನನ್ನ ಅಂಕಣಕ್ಕೆ ಸೇರಿದ್ದು’ ಅಂದೆ ನಾನು. ಹಾಳೆ ನೋಡಿ ಇದನ್ನು ತೀರ್ಮಾನ ಮಾಡಲು ಸಾಧ್ಯವೇ ಇಲ್ಲ.

ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದು, ಯಾಕೆ ಏರಲಿಲ್ಲ ಹೇಳು ಅಂತ ಕೇಳಿದೆವು. ‘ಶಾಖ ಎಲ್ಲ ಕರಗಿಸೋಕೇ ಖರ್ಚಾಗ್ತಿತ್ತು ಸರ್, ಅದಕ್ಕೇ ಏರಲಿಲ್ಲ’ ಅಂದಳು. ಸರ್ ಪೆನ್ ತೆಗೆದು ತಮ್ಮ ಅಂಕಣದಲ್ಲಿ ಪೂರ್ತಿ ಮಾರ್ಕ್ಸ್ ಹಾಕಿದರು. ಈಗ ಇಂಥ ಉತ್ತರಗಳಿಗೆ ಹಾಳೆಯ ಅಂಚಿನಲ್ಲಿ ‘ಕರೆದು ಕೇಳಿ’ ಅಂತ ಬರೆದಿಡುತ್ತೇವೆ. ಮಧ್ಯಾಹ್ನದ ಬಿಡುವು ಇದಕ್ಕೇ ಹೋಗುತ್ತಿದೆ ಅಂತ ಅವರು ಗೊಣಗುತ್ತಾರೆ. ನನ್ನ ಬಿಡುವೂ ಹೋಗುತ್ತಿದೆ, ಅದನ್ನು ಯಾರೂ ಕೇಳುವುದಿಲ್ಲ.